ಸುಂದರವ್ವ ಅಳಿಸದ ಉತ್ತರ

ಬನಹಟ್ಟಿಯಲ್ಲಿ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಸುಂದರವ್ವನಿಗೆ ಎರಡು ಪವರ್‌ಲೂಮ್ ಇವೆ. ಕರೆಂಟ್ ಹೋದಾಗೆಲ್ಲ ಫೋನು ಹಿಡಿದು, ಫೇಸ್‌ಬುಕ್ಕಿನ ನೇಕಾರರ ಗುಂಪಿನಲ್ಲಿ ಯಾರು ಏನು ಕೇಳಿದ್ದಾರೆಂದು ನೋಡುತ್ತಾಳೆ. ಗೊತ್ತಿದ್ದರೆ ಬರೆಯುತ್ತಾಳೆ, ಇಲ್ಲದಿದ್ದರೆ ಸುಮ್ಮನಿರುತ್ತಾಳೆ. ಹಾಗಾಗಿಯೇ ಅಲ್ಲಿ ಅವಳ ಮಾತಿಗೆ ಬೆಲೆ.

ಈ ಬೇಸಿಗೆಯಲ್ಲಿ ಜಮಖಂಡಿಯ ಅಪ್ಪಾಸಾಬ ಕೇಳಿದ: ಹತ್ತಿ ನೂಲು ಪದೇ ಪದೇ ಹರಿಯುತ್ತಿದೆ, ಏನು ಮಾಡಲಿ?

"ಹವಾ ಒಣಗೇತಿ. ನೆಲಕ್ಕ ನೀರು ಹೊಡೀರಿ, ಖೋಲ್ಯಾಗ ಹಸೀ ಗೋಣಿತಟ್ಟು ಕಟ್ಟರಿ," ಎಂದು ಇವಳು ಬರೆದಳು. ಅವನ ಮಗ್ಗ ಸರಿಯಾಯಿತು. ಆಮೇಲೆ ಅವನ ಇನ್ನೊಂದು ಮಗ್ಗದಲ್ಲಿ ಆರ್ಟ್ ಸಿಲ್ಕ್ ಹರಿಯತೊಡಗಿತು. ಹೊಸದಾಗಿ ಕೇಳುವ ಬದಲು ಹಳೆಯ ಪ್ರಶ್ನೆಯಲ್ಲೇ 'ಹತ್ತಿ' ತೆಗೆದು 'ಆರ್ಟ್ ಸಿಲ್ಕ್' ಎಂದು ತಿದ್ದಿಬಿಟ್ಟ. ಆ ಕೃತಕ ರೇಷ್ಮೆ ನೂಲಿಗೆ ತೇವ ತಾಗಿದರೆ ಇದ್ದ ಬಲವೂ ಹೋಗುತ್ತದೆ. ಕೆಳಗೆ ಇವಳ ಉತ್ತರ ಮಾತ್ರ ಹಾಗೇ ಉಳಿದಿತ್ತು.

"ಅಕ್ಕಾರು ಆರ್ಟ್ ಸಿಲ್ಕಿಗೂ ಜಳಕಾ ಮಾಡಸಾಕತ್ತಾರ!" ಎಂದು ಒಬ್ಬ ಬರೆದ. ನಗುವವರು ಸಾಲುಗಟ್ಟಿದರು. ಗುಂಪು ನೋಡಿಕೊಳ್ಳುವ ಭೀಮಪ್ಪ ಫೋನು ಮಾಡಿದ.

"ತಂಗೀ, ಅದನ್ನ ಅಳಿಸಿಬಿಡು. ಇಲ್ಲಾಂದ್ರ ನಿನ್ನನ್ನ ಗುಂಪಿನಿಂದ ತಗೀಬೇಕಾಕ್ಕೈತಿ. ಯಾರರ ಓದಿ ನೀರು ಹೊಡದ್ರ?"

"ತಗೀರಿ. ನಾ ಅಳಸಾಂಗಿಲ್ಲ. ಅಳಿಸಿದ್ರ ತಪ್ಪ ಹೇಳೇನಿ ಅಂತ ನಾನ ಒಪ್ಪಿದಂಗ."

ನನ್ನ ತೊಡೆಯ ಮೇಲೆ ಮಗಳು ಹಾಲು ಕುಡಿಯುತ್ತಿದ್ದಳು. ಯಾರದಾದರೂ ನೂಲು ಹಾಳಾದೀತೆಂಬ ಮಾತು ನನಗೂ ನಾಟಿತು. "ಅಕ್ಕಾ, ಅಳಿಸಬ್ಯಾಡ. ಕೆಳಗ ಒಂದು ಮಾತು ಸೇರಸು," ಎಂದೆ.

ಸೇರಿಸಿದಳು: "ಇದು ಹತ್ತಿ ನೂಲಿಗೆ ಹೇಳಿದ್ದು. ಪ್ರಶ್ನೆ ಆಮ್ಯಾಲೆ ಬದಲಾಗೇತಿ. ಆರ್ಟ್ ಸಿಲ್ಕಿಗೆ ನೀರು ಬ್ಯಾಡ. ಒಂದು ಸೀರಿ ಮುಗದ ಮ್ಯಾಲೆ ನೇಯದ ಒಂದಿಷ್ಟು ಎಳಿ ಬಿಡತೀವಿ, ಇಲ್ಲಾಂದ್ರ ಕತ್ತರಿ ಎಲ್ಲಿ ಹಾಕೂದು? ಹಂಗ ಒಂದು ಪ್ರಶ್ನೆ ಮುಗದ ಮ್ಯಾಲೂ ಅಷ್ಟು ಜಾಗಾ ಬಿಟ್ಟು, ಇನ್ನೊಂದನ್ನ ಬ್ಯಾರೇನ ಕೇಳ್ರಿ."

ಸಂಜೆ ಅಪ್ಪಾಸಾಬನೇ ಫೋನು ಮಾಡಿದ. "ಸುಂದರಕ್ಕಾ, ಮತ್ತ ಮತ್ತ ಕೇಳಿ ನಿಮಗ ತ್ರಾಸ ಯಾಕಂತ ಅದರಾಗ ತಿದ್ದಿದ್ನಿರಿ. ಈಗ ಏನ ಮಾಡ್ಲಿ, ನನಗಷ್ಟ ಹೇಳ್ರಿ."

"ನಿನಗಷ್ಟ ಹೇಳಾಂಗಿಲ್ಲಪಾ. ನಕ್ಕವರ ಮುಂದ ಕೇಳು, ಅಲ್ಲೇ ಹೇಳತೀನಿ."

ಅವನು 'ಹತ್ತಿ'ಯನ್ನು ಮತ್ತೆ ಹಾಕಿ, ಆರ್ಟ್ ಸಿಲ್ಕಿನದನ್ನು ಬೇರೆಯೇ ಕೇಳಿದ. ನೂಲಿನ ಬಿಗಿ ಸಡಿಲಿಸಿ ನೋಡು ಎಂದು ಇವಳು ಕೂಡಲೇ ಬರೆದಳು. ಭೀಮಪ್ಪ ಮತ್ತೆ ಫೋನು ಮಾಡಿದ.

"ಗುಂಪಿನ್ಯಾಗ ಇರು ತಂಗೀ, ನಿನ್ನನ್ನ ಯಾರೂ ತಗಿಯಾಂಗಿಲ್ಲ. ಆದ್ರೂ ಸ್ವಲ್ಪ ಮೆತ್ತಗ ಹೇಳಬೇಕಿತ್ತು."

"ಮೆತ್ತಗ ಹೇಳಿದ್ರ ಯಾರರ ಕೇಳತಿದ್ರೇನ್ರಿ, ಅಣ್ಣಾ?"