ಕಟ್ಟದ ಕನಕಾಂಬರ

ಅಟ್ಟೂರಿನ ಬಾಡಿಗೆ ಮನೆಗೆ ಬಂದ ಮೊದಲ ಶುಕ್ರವಾರ ಬಾಗಿಲು ತೆಗೆದರೆ, ಮನೆಯೊಡತಿ ಚಿಕ್ಕತಾಯಮ್ಮ ಒಂದು ಮೊಳ ಹೂವು ಹಿಡಿದು ನಿಂತಿದ್ದರು. "ತಿರುಗು, ಮುಡಿಸ್ತೀನಿ" ಅಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗಂಡ ತೀರಿಕೊಂಡ ಮೇಲೆ ಮೂರು ವರ್ಷ ಧಾರವಾಡದಲ್ಲಿ ಯಾರೂ ನನ್ನ ಕೈಗೆ ಹೂವು ಕೊಟ್ಟಿರಲಿಲ್ಲ.

"ತಲಿ ತೊಳಕೊಂಡಿಲ್ರೀ ಅಮ್ಮಾ, ಆಮ್ಯಾಲೆ ಮುಡಕೋತೀನಿ" ಎಂದು ಸುಳ್ಳು ಹೇಳಿ ಕೈಯೊಡ್ಡಿದೆ.

"ಆಮ್ಯಾಕೆ ಅಂತ ಬಾಡಿಸ್ಬ್ಯಾಡ ಕಣವ್ವ. ನಮ್ ತ್ವಾಟದ ಊವ."

ಇಲ್ಲಿನ ಹಳಬರು 'ಹ'ಕಾರವನ್ನು ನುಂಗುತ್ತಾರೆ, ಮುದ್ದೆಯನ್ನೂ ಅಗಿಯದೆ ನುಂಗುತ್ತಾರೆ. ರೊಟ್ಟಿ ತಿಂದು ಬೆಳೆದ ನನಗೆ ಎರಡೂ ಕಷ್ಟವಾಯಿತು. ನಮ್ಮ ಅಬ್ಬಲಿಗೆ ಇಲ್ಲಿ ಕನಕಾಂಬರ. ತ್ವಾಟ ಅಂದರೆ, ಅವರ ಹೊಲವೆಲ್ಲ ಲೇಔಟ್ ಆದ ಮೇಲೆ ಮನೆಯ ಹಿಂದೆ ಉಳಿದ ಎರಡು ಸೈಟಿನಷ್ಟು ಜಾಗ. ಅದರ ತುಂಬ ಹೂವು.

ನಾನು ಬಂದದ್ದು ಪಕ್ಕದ ಯಲಹಂಕದಲ್ಲಿ ಬೆಡ್‌ಶೀಟಿಗೆ ಚಿತ್ತಾರ ಬರೆಯುವ ಕೆಲಸಕ್ಕೆ. ಬರೆಯಲು ಕೂತರೆ ಏನೂ ಹೊಳೆಯುತ್ತಿರಲಿಲ್ಲ. ಅಜ್ಜಿ ಕಲಿಸಿದ ಕಸೂತಿಯಲ್ಲಿ ಎಡಕ್ಕೆ ಎಷ್ಟು ಎಳೆಯೋ ಬಲಕ್ಕೂ ಅಷ್ಟೇ. ಮೇಜಿನ ಮೇಲಿಟ್ಟ ಈ ಹೂವಿನ ಎಸಳೆಲ್ಲ ಒಂದೇ ಪಕ್ಕಕ್ಕೆ ಬಿಚ್ಚಿಕೊಂಡಿದ್ದವು, ಇನ್ನೊಂದು ಪಕ್ಕ ಬರಿದು. ಎಷ್ಟೋ ದಿನ ನೋಡಿದ ಹೂವನ್ನು ಅವತ್ತು ಕಂಡೆ. ಪೆನ್ಸಿಲು ತಾನಾಗಿ ಓಡಿತು.

ಆಮೇಲೆ ಪ್ರತಿ ಶುಕ್ರವಾರ ಹೂವು ಬಂತು, ಪ್ರತಿ ವಾರ ಒಂದು ಹಾಳೆ ತುಂಬಿತು. "ಯಜಮಾನ್ರು ಯಾವಾಗ ಬತ್ತಾರೆ?" ಎಂದು ಚಿಕ್ಕತಾಯಮ್ಮ ಕೇಳಿದರೆ "ಊರಾಗ ಕೆಲಸ ಅದರೀ" ಅನ್ನುತ್ತಿದ್ದೆ. ನಿಜ ಹೇಳಿದರೆ ಹೂವು ನಿಲ್ಲುತ್ತಿತ್ತು. ಮನೆಯೂ ಹೋಗಬಹುದೆಂಬ ಭಯವಿತ್ತು.

ಒಂದು ಬೆಳಗ್ಗೆ ನೀರು ಬಿಟ್ಟಿದ್ದೇನೆಂದು ಹೇಳಲು ಒಳಗೆ ಬಂದ ಚಿಕ್ಕತಾಯಮ್ಮನ ಕಣ್ಣು ಮೇಜಿನ ಮೇಲೆ ಬಿತ್ತು. ಅವರೇ ಕಟ್ಟಿದ ಮಾಲೆಗಳು ಒಂದರ ಪಕ್ಕ ಒಂದು ಒಣಗಿದ್ದವು, ಗಂಟು ಕೂಡ ಬಿಚ್ಚದೆ.

"ಮುಡಿಯಾಕೆ ಕೊಟ್ರೆ ಇಂಗೆ ಒಣಗಾಕಿದ್ದೀಯಲ್ಲವ್ವ. ನಮ್ ಊವ ಅಷ್ಟು ಕಡೆಯಾಯ್ತಾ?"

"ಹಂಗಲ್ರೀ ಅಮ್ಮಾ. ನಮ್ಮ ಮನಿಯವರು ತೀರಿಕೊಂಡಾರ್ರೀ. ನಾನು ಸುಳ್ಳು ಹೇಳಿದೆ."

ಅವರು ಮೇಜಿನ ಬಳಿ ಕೂತರು. ನಾನು ಬರೆದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಮದ್ಲೇ ಯೋಳ್ಬಾರ್ದಾ" ಎಂದಷ್ಟೇ ಹೇಳಿ ಎದ್ದು ಹೋದರು.

ಮುಂದಿನ ಶುಕ್ರವಾರ ಪಕ್ಕದ ಮನೆಯ ಬಾಗಿಲಲ್ಲಿ "ತಿರುಗು, ಮುಡಿಸ್ತೀನಿ" ಎಂಬ ದನಿ ಕೇಳಿಸಿತು. ನಾನು ಪೆನ್ಸಿಲು ಹಿಡಿದು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಚಿಕ್ಕತಾಯಮ್ಮ ನನ್ನ ಬಾಗಿಲನ್ನೂ ಬಡಿದರು. ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಬಿಡಿ ಹೂವು, ಇನ್ನೂ ಇಬ್ಬನಿ ಆರಿರಲಿಲ್ಲ.

"ಕಟ್ಟಿಲ್ಲ ಕಣವ್ವ. ಬರ್ಕೋ" ಅಂದರು, ನನ್ನ ಮುಖ ನೋಡದೆ.

ಅವರು ನನ್ನನ್ನು ಹೊರಗೆ ಹಾಕಲಿಲ್ಲ. ಹೂವನ್ನು ಕಟ್ಟಲೂ ಇಲ್ಲ. ಬಾಗಿಲು ಹಾಕಿಕೊಂಡು ಅತ್ತೆ. ಅವರ ಋಣಕ್ಕೋ, ಆ ಇಲ್ಲದ ದಾರಕ್ಕೋ, ಇವತ್ತಿಗೂ ಗೊತ್ತಿಲ್ಲ.

ಆ ತಟ್ಟೆಯಲ್ಲಿ ಹೂಗಳು ಹೇಗೆ ಬಿದ್ದಿದ್ದವೋ ಹಾಗೇ ಬರೆದೆ, ಒಂದಕ್ಕೊಂದು ತಾಕದಂತೆ. "ಮಧ್ಯೆ ಒಂದು ಬಳ್ಳಿ ಓಡಿಸಿ ಮೇಡಂ, ಖಾಲಿ ಖಾಲಿ ಕಾಣುತ್ತೆ" ಅಂದರು ಆಫೀಸಿನಲ್ಲಿ. ಬಳ್ಳಿ ಬರೆದೆ, ಅಳಿಸಿದೆ, ಮತ್ತೆ ಬರೆದು ಅಳಿಸಿದೆ. ಕೊನೆಗೆ ಬಳ್ಳಿಯಿಲ್ಲದೆ ಹಾಗೇ ಅಚ್ಚಾಯಿತು.

ಒಂದು ಬೆಡ್‌ಶೀಟನ್ನು ಧಾರವಾಡಕ್ಕೆ ಒಯ್ದೆ. ಅವ್ವ ಮಂಚದ ಮೇಲೆ ಹಾಸಿ, "ಅಬ್ಬಲಿಗಿ. ಚಲೋ ಬಂದದ" ಎಂದು ಅಂಗೈಯಿಂದ ಸವರಿದಳು. "ಯಾರು ಕೊಡ್ತಾರ ನಿನಗ ಹೂವಾ?" ಎಂದಳು.

"ಮನಿ ಮಾಲಕರು, ಅವ್ವಾ. ಬರೀಲಿಕ್ಕೆ."

ಅವ್ವ ಬೆಡ್‌ಶೀಟನ್ನು ಮಡಚಿಟ್ಟಳು. ಮರುದಿನ ಶುಕ್ರವಾರ. ಬೆಳಗ್ಗೆ ಅವಳು ಮಾಲೆ ಹಿಡಿದು ನನ್ನನ್ನು ದಾಟಿ ಅತ್ತಿಗೆಯ ಕಡೆ ಹೋದಳು. ಅಟ್ಟೂರಿನಲ್ಲಿ ಆ ಹೊತ್ತಿಗೆ ಚಿಕ್ಕತಾಯಮ್ಮ ತಟ್ಟೆ ಹಿಡಿದು ಬಂದು, ನನ್ನ ಬಾಗಿಲಿನ ಬೀಗ ನೋಡಿ, ಹಿಂದಿರುಗಿರುತ್ತಾರೆ.