ಬೆಳ್ಳಿಯ ಕಡಲಸಿಂಹ

ಆಂಜೆಲೆಸ್ ಊರಿನ ಅಕ್ಕಸಾಲಿಗ ಹಿಲಾರಿಯೊ ಅಮೆರಿಕನ್ನರ ಕೈಕೆಳಗಿದ್ದ ಫಿಲಿಪಿನೊ ಫಿರಂಗಿ ಪಡೆಗೆ ಎದೆಬಿಲ್ಲೆ ಮಾಡಿಕೊಡುತ್ತಿದ್ದ. ಕೆಂಪು ಗುರಾಣಿ, ಅದರ ಮೇಲೆ ಕತ್ತಿ ಹಿಡಿದ, ಮೀನಿನ ಬಾಲದ ಕಡಲಸಿಂಹ. ಆ ಪಡೆಯಲ್ಲಿ ತೋಪು ಹಾರಿಸುವ ತೆಯೊದೋರೊ ಮದುವೆಯಾದಾಗ, ಹಿಲಾರಿಯೊ ವಧು ರುಫೀನಾಳಿಗೆಂದು ಬೆಳ್ಳಿಯಲ್ಲೇ ಅಂಥದೊಂದು ಬಿಲ್ಲೆ ಮಾಡಿ ಉಡುಗೊರೆ ಕೊಟ್ಟ.

ಆಮೇಲೆ ಜಪಾನೀಯರು ಬಂದರು. ಬತಾನ್ ಕಾಳಗದಲ್ಲಿ ಪಡೆ ಸೋತಿತು. ತೆಯೊದೋರೊ ತಪ್ಪಿಸಿಕೊಂಡು ಬಂದು, ರೈತನೆಂದು ಹೇಳಿಕೊಂಡು ಮನೆಯಲ್ಲಿದ್ದ. ಮನೆ ಜಾಲಾಡಿದ ಸೈನಿಕರಿಗೆ ಅಕ್ಕಿಯ ಮಡಕೆಯೊಳಗೆ ಆ ಬಿಲ್ಲೆ ಸಿಕ್ಕಿತು. ಅವನನ್ನು ಎಳೆದೊಯ್ದರು, ಹೆಣವೂ ಮರಳಲಿಲ್ಲ.

ಯುದ್ಧ ಮುಗಿದು ಪಡೆಯನ್ನು ಮತ್ತೆ ಕಟ್ಟುವಾಗ ಬಿಲ್ಲೆ ಮಾಡಿಸಲು ಪಡೆಯವರು ಹಿಲಾರಿಯೊನನ್ನೇ ಹುಡುಕಿಕೊಂಡು ಬಂದರು. "ಕೈ ನಡುಗುತ್ತೆ, ಬೇರೆಯವರನ್ನ ನೋಡ್ಕೊಳ್ಳಿ" ಅಂದುಬಿಟ್ಟ. ಕೈ ನಡುಗುತ್ತಿರಲಿಲ್ಲ. ಇಗರ್ಜಿಯಲ್ಲೂ ರುಫೀನಾಳ ಕಣ್ಣು ತಪ್ಪಿಸಿ ಹಿಂದಿನ ಸಾಲಲ್ಲಿ ಕೂರುತ್ತಿದ್ದ.

ಒಂದು ದಿನ ಅವಳೇ ಅಂಗಡಿಗೆ ಬಂದು, ಅಪ್ಪನನ್ನು ಕರೆಯುವ ಹಾಗೆ ಅವನನ್ನು ಕರೆದಳು.

"ತಾತಾಂಗ್, ಅವರಿಗೊಂದು ಸಮಾಧಿ ಕಟ್ಟಿಸ್ತಿದೀನಿ. ಹೂಳೋಕೆ ಏನೂ ಇಲ್ಲ. ಒಂದು ಬಿಲ್ಲೆ ಮಾಡ್ಕೊಡಿ."

"ನಾನು ಕೊಟ್ಟಿದ್ದರಿಂದಲೇ ಅಲ್ವೇನಮ್ಮಾ ಅವನು ಹೋಗಿದ್ದು?"

"ಬಾವಿಗೆ ಎಸಿ ಅಂತ ಅವರು ಹೇಳಿದ್ರು. ಚೆನ್ನಾಗಿದೆ ಅಂತ ಬಚ್ಚಿಟ್ಟವಳು ನಾನು."

ಹಿಲಾರಿಯೊ ಕುಲುಮೆ ಹೊತ್ತಿಸಿದ. ಅವಳು ತಿದಿ ಒತ್ತಿದಳು. ಬೆಳ್ಳಿ ಕರಗುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.