ಮೂಲೆ ಮುರಿದ ಸ್ಲೈಡು

ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಕಟ್ಟಡದ ಕೆಳಮನೆಯಲ್ಲಿದ್ದ ಬೆಂಗಳೂರಿನ ಯಜಮಾನರಿಗೆ ಮಗಳನ್ನು ಡಾಕ್ಟರ್ ಮಾಡಲೇಬೇಕೆಂಬ ಹಟ. ರಜೆಗೆ ಊರಿಗೆ ಹೋದವರು ಒಂದು ಮೈಕ್ರೋಸ್ಕೋಪನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ತಂದು ಷೋಕೇಸಿನಲ್ಲಿ, ಎಂದೂ ಬಳಸದ ಡಿನ್ನರ್ ಸೆಟ್ಟಿನ ಪಕ್ಕ ಪ್ರತಿಷ್ಠಾಪಿಸಿದರು. ಬಂದವರೆಲ್ಲ ನೋಡಬೇಕು, ಯಾರೂ ಮುಟ್ಟಬಾರದು. ಮಗಳಂತೂ ಮುಟ್ಟಲೇಬಾರದು, ಲೆನ್ಸು ಕೊಳೆಯಾಗುತ್ತದೆ.

ನಾನು ಮೈಸೂರಿನಲ್ಲಿ ಬಾಟನಿ ಎಂ.ಎಸ್ಸಿ. ಮಾಡಿ, ಗಂಡನ ವೀಸಾದ ಮೇಲೆ ಬಂದು, ದೋಹಾದಲ್ಲಿ ಸಾರು ಕುದಿಸುತ್ತಿದ್ದವಳು. ಹನ್ನೆರಡನೆಯ ಕ್ಲಾಸಿನ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಾದಾಗ, ಹುಡುಗಿಗೆ ಸ್ವಲ್ಪ ಹೇಳಿಕೊಡಿ ಎಂದು ಅವರು ಕೇಳಿದರು. ಷೋಕೇಸಿನ ಬೀಗ ತೆಗೆದರೆ ಮಾತ್ರ ಎಂದೆ. ಮುಖ ಗಂಟಿಕ್ಕಿಕೊಂಡೇ ತೆಗೆದರು.

ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿದೆವು. ಬೇರು ಇಳಿದ ಮೇಲೆ ಒಂದು ಬೆಳಿಗ್ಗೆ ಅದರ ತುದಿ ಕತ್ತರಿಸಿ, ಕೆಂಪು ಬಣ್ಣದ ದ್ರಾವಣದಲ್ಲಿ ಬೆಚ್ಚಗೆ ಮಾಡಿ, ಎರಡು ಗಾಜುಗಳ ನಡುವೆ ಹೆಬ್ಬೆರಳಿನಿಂದ ಒತ್ತಿದೆವು. ಹುಡುಗಿ ಬಗ್ಗಿ ಕಣ್ಣಿಟ್ಟವಳು ತುಂಬ ಹೊತ್ತು ತಲೆ ಎತ್ತಲಿಲ್ಲ.

"ಆಂಟಿ, ಸೆಲ್ ಡಿವಿಷನ್ ಎಲ್ಲಾ ಸ್ಟೇಜೂ ಇದ್ರಲ್ಲೇ ಇದೆ. ಆದ್ರೆ ತುಂಬಾ ಸೆಲ್ಸ್ ಸುಮ್ನೆ ಇವೆ, ಏನೂ ಮಾಡ್ತಾ ಇಲ್ಲ."

"ಅವು ನನ್ನ ಥರ, ಫ್ಯಾಮಿಲಿ ವೀಸಾದವು," ಎಂದೆ.

ಎಳೆಗಳು ದಪ್ಪಗಾಗುತ್ತಿದ್ದರೆ ಪ್ರೊಫೇಸ್, ನಡುವೆ ಸಾಲಾಗಿ ನಿಂತರೆ ಮೆಟಾಫೇಸ್, ಎರಡು ಕಡೆಗೆ ಸರಿಯುತ್ತಿದ್ದರೆ ಅನಾಫೇಸ್, ಎರಡು ಗುಂಪಾಗಿ ಮಧ್ಯೆ ಗೋಡೆ ಏಳುತ್ತಿದ್ದರೆ ಟೆಲೊಫೇಸ್. ವಾರದೊಳಗೆ ಅವಳು ನನಗಿಂತ ಬೇಗ ಗುರುತಿಸತೊಡಗಿದಳು. ಇಷ್ಟು ವರ್ಷ ಕಲಿತದ್ದು ಕೊನೆಗೂ ಯಾರಿಗೋ ಬೇಕಾಯಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು.

ಅಪ್ಪ ಬೇರೆಯೇ ತಯಾರಿ ನಡೆಸಿದ್ದರು. ಶುಕ್ರವಾರವಿಡೀ ಅಲ್ ಗರಾಫಾದಿಂದ ದುಖಾನ್‌ವರೆಗೆ, ಹಿಂದೆ ಆ ಪರೀಕ್ಷೆ ಬರೆದ ಮಕ್ಕಳಿದ್ದ ಮನೆಗಳಿಗೆಲ್ಲ ಫೋನ್ ಮಾಡಿ, ಸಂಜೆ ಮೇಲೆ ನಮ್ಮ ಮನೆಗೆ ಬಂದು ದನಿ ತಗ್ಗಿಸಿದರು.

"ಮೇಡಂ, ಪಕ್ಕಾ ನ್ಯೂಸ್. ಸ್ಕೂಲಲ್ಲಿ ಇರೋದು ಒಂದೇ ಸ್ಲೈಡು, ಮೂಲೆ ಮುರಿದಿದೆ. ವರ್ಷಾ ವರ್ಷ ಅದು ಮೆಟಾಫೇಸೇ. ದುಖಾನ್‌ನವರ ಮಗ ಕಣ್ಮುಚ್ಚಿಕೊಂಡು ಬರೆದು ಫುಲ್ ಮಾರ್ಕ್ಸ್ ತಗೊಂಡನಂತೆ."

"ಒಂದು ಸ್ಲೈಡಲ್ಲಿ ಎಲ್ಲಾ ಹಂತಾನೂ ಇರುತ್ತೆ ಸಾರ್. ಮೈಕ್ರೋಸ್ಕೋಪಿನ ಒಳಗಿರೋ ಸೂಜಿ ಯಾವ ಕೋಶ ತೋರಿಸುತ್ತೋ ಅದನ್ನ ನೋಡಿ ಬರೀಬೇಕು."

"ನೋಡೋದು ಗೀಡೋದೆಲ್ಲ ಊರಲ್ಲಿ ಮೇಡಂ. ಇಲ್ಲಿ ವಾಸ್ತಾ ಇಲ್ದಿದ್ರೆ ಏನೂ ಮಾಫಿ."

ವಾಸ್ತಾ ಎಂದರೆ ವಶೀಲಿ, ಮಾಫಿ ಎಂದರೆ ಇಲ್ಲ. ಅವರ ಕೆಲಸ, ಲೈಸೆನ್ಸು, ಫೋನು, ಮಗಳ ಶಾಲೆಯ ಸೀಟು ಎಲ್ಲವೂ ಅದರಿಂದಲೇ ಬಂದಿದ್ದವು. ದೋಹಾದಲ್ಲಿ ಸೂರ್ಯ ಹುಟ್ಟುವುದಕ್ಕೂ ಯಾರೋ ಒಬ್ಬರು ಹೇಳಿರಬೇಕು ಎಂದೇ ಅವರು ನಂಬಿದ್ದರು.

ಪರೀಕ್ಷೆಯ ದಿನ ನಾನೂ ಅವರ ಕಾರಿನಲ್ಲಿ ಹೋದೆ. ಹುಡುಗಿ ಹೊರಬಂದು ಬಾಗಿಲು ತೆಗೆಯುವ ಮೊದಲೇ ಅಪ್ಪನ ವಿಚಾರಣೆ ಶುರುವಾಯಿತು.

"ಮೂಲೆ ಮುರಿದಿತ್ತಾ?"

"ಹ್ಞೂಂ."

"ಮೆಟಾಫೇಸ್ ಬರೆದೆ ತಾನೆ?"

"ಇಲ್ಲಪ್ಪಾ, ಅನಾಫೇಸ್. ಎರಡೂ ಸೈಡಿಗೆ ಹೋಗ್ತಾ ಇತ್ತು. ಉಳಿದವ್ರೆಲ್ಲಾ ಮೆಟಾಫೇಸ್ ಬರೆದಿದಾರೆ."

"ಖಲಾಸ್. ಮೆಡಿಕಲ್ ಸೀಟು ಖಲಾಸ್," ಎಂದು ಅವರು ಸ್ಟೀರಿಂಗ್ ಗುದ್ದಿದರು. ಹುಡುಗಿ ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂದಿನಿಂದ ಅವರು ಲಿಫ್ಟಿನಲ್ಲಿ ಸಿಕ್ಕರೂ ಗೋಡೆ ನೋಡುತ್ತಿದ್ದರು. ಮೈಕ್ರೋಸ್ಕೋಪು ಮತ್ತೆ ಡಿನ್ನರ್ ಸೆಟ್ಟಿನ ಪಕ್ಕ ಸೇರಿತು.

ಫಲಿತಾಂಶ ಬಂದಾಗ ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ ಬಂದದ್ದು ಅವಳೊಬ್ಬಳಿಗೆ. ಹೊರಗಿನಿಂದ ಬಂದ ಪರೀಕ್ಷಕರು ಆ ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ, ಸೂಜಿಯ ತುದಿಗೆ ಬೇರೆ ಕೋಶ ತಂದಿದ್ದರಂತೆ. ಪಕ್ಕಾ ನ್ಯೂಸ್ ಇದ್ದ ಮಕ್ಕಳೆಲ್ಲ ಮುಗ್ಗರಿಸಿದ್ದರು.

ಸಂಜೆ ಅಪ್ಪ ಮಗಳನ್ನು ಕರೆದುಕೊಂಡು, ಖರ್ಜೂರದ ಡಬ್ಬಿ ಹಿಡಿದು ಮೇಲೆ ಬಂದರು. ಕ್ಷಮೆ ಕೇಳುತ್ತಾರೆಂದು ನಾನು ದೊಡ್ಡಸ್ತಿಕೆಯ ಮುಖ ಮಾಡಿಕೊಂಡು ನಿಂತೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ ಮೇಡಂ? ಎಕ್ಸಾಮಿನರ್ ಮೈಸೂರು ಕಡೆಯವರಂತೆ. ನಿಮ್ಮ ಕ್ಲಾಸ್‌ಮೇಟಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಹೇಳಿದಳು: "ಅಪ್ಪಾ, ನಾನು ನೋಡಿ ಬರೆದೆ."

ಅವರು ಅವಳ ಬೆನ್ನು ತಟ್ಟಿ ನನ್ನ ಕಡೆ ನೋಡಿ ನಕ್ಕರು. "ಗೊತ್ತು ಪುಟ್ಟಾ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು."